ಇನ್ನು 16 ಆಟ, ಎರಡು ಆಟ ಹಿಂದೆ: ನಾಲ್ಕೇ ಪಿಚರ್‌ಗಳನ್ನು ಇಟ್ಟುಕೊಂಡು ಓಡಿಸಲಾ?

ಕೆಂಪಂಗಿ:

ನಮ್ಮ ಬೇಸ್‌ಬಾಲ್ ಸಿಮ್ ಲೀಗ್ (ಕಂಪ್ಯೂಟರ್‌ನಲ್ಲಿ ಆಡಿಸುವ ಲೀಗ್) ಕೊನೆಯ ಘಟ್ಟಕ್ಕೆ ಬಂದಿದೆ. ಪೆನ್ನಂಟ್‌ಗೆ, ಅಂದರೆ ಲೀಗ್ ಪಟ್ಟಕ್ಕೆ, ಮೂರು ತಂಡಗಳ ನಡುವೆ ಜಿದ್ದಾಜಿದ್ದಿ. ಅದರಲ್ಲಿ ಒಂದು ನನ್ನದು. ಯೋಚನೆ ಮಾಡಿ ಮಾಡಿ ತಲೆ ಕೆಟ್ಟಿದೆ, ನಿಮ್ಮ ಅಭಿಪ್ರಾಯ ಬೇಕು.

ಮೊದಲು ಲೀಗ್ ಬಗ್ಗೆ ಹೇಳ್ತೀನಿ. ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್ ಅನ್ನುವ ಕಂಪ್ಯೂಟರ್ ಗೇಮ್‌ನಲ್ಲಿ ನಡೆಯುತ್ತದೆ, ಆಟಗಾರರೆಲ್ಲ ಕಂಪ್ಯೂಟರ್ ಹುಟ್ಟಿಸಿದವರು. ನಿಯಮ ಮಾತ್ರ ಹಳೇ ಕಾಲದ್ದು. 8 ತಂಡ, 154 ಆಟ, ಡಿವಿಷನ್ (ಲೀಗಿನೊಳಗಿನ ಗುಂಪು) ಇಲ್ಲ, ವೈಲ್ಡ್ ಕಾರ್ಡ್ (ಮೊದಲ ಸ್ಥಾನ ಬರದವರಿಗೂ ಸಿಗುವ ಅವಕಾಶ) ಇಲ್ಲ. ಮೊದಲ ಸ್ಥಾನ ಬಂದವರಿಗೆ ಪೆನ್ನಂಟ್, ಎರಡನೇ ಸ್ಥಾನಕ್ಕೆ ಏನೂ ಇಲ್ಲ. ಸಮ ಆದರೆ ಮಾತ್ರ ಮೂರು ಆಟಗಳ ಪ್ಲೇಆಫ್. ತಂಡಗಳ ಹೆಸರು ಹೇಳಿದರೆ ಹೊರಗಿನವರಿಗೆ ಗೊಂದಲ ಆಗುತ್ತದೆ, ಅದಕ್ಕೆ ಅಂಗಿ ಬಣ್ಣದಿಂದಲೇ ಕರೀತೀನಿ. ಪ್ರತಿ ತಂಡವೂ 138 ಆಟ ಆಡಿದೆ.

ನೀಲಿ: 81 ಗೆಲುವು, 57 ಸೋಲು. ಹೊಡೆದ ರನ್ 610, ಬಿಟ್ಟುಕೊಟ್ಟಿದ್ದು 596.
ಕೆಂಪು (ನಾನು): 79 ಗೆಲುವು, 59 ಸೋಲು. ರನ್ 684, ಬಿಟ್ಟುಕೊಟ್ಟಿದ್ದು 578.
ಹಸಿರು: 78 ಗೆಲುವು, 60 ಸೋಲು. ರನ್ 640, ಬಿಟ್ಟುಕೊಟ್ಟಿದ್ದು 590.

ಉಳಿದ 16 ಆಟ 18 ದಿನಗಳಲ್ಲಿ ಮುಗಿಯಬೇಕು. ನನ್ನ ಶೆಡ್ಯೂಲ್ ಹೀಗಿದೆ. 1ರಿಂದ 4ನೇ ದಿನ ಕೊನೆಯ ಸ್ಥಾನದ ತಂಡದ ಜೊತೆ. 5ನೇ ದಿನ ರಜೆ. 6, 7, 8ಕ್ಕೆ ಹಸಿರಿನ ಮೈದಾನದಲ್ಲಿ ಮೂರು ಆಟ. 9ರಿಂದ 14 ಕೆಳಗಿನ ಎರಡು ತಂಡಗಳ ಜೊತೆ. 15 ರಜೆ. 16, 17, 18ಕ್ಕೆ ನೀಲಿಯವರು ನನ್ನ ಮೈದಾನಕ್ಕೆ ಬರ್ತಾರೆ. ಅಂದರೆ ಸೀಸನ್ನಿನ ಕಟ್ಟಕಡೆಯ ಮೂರು ಆಟ ನೇರ ಎದುರಾಳಿ ಜೊತೆಯಲ್ಲೇ! ಇನ್ನೊಂದು ವಿಷಯ, ಮೊದಲ ನಾಲ್ಕು ದಿನ ನೀಲಿ ಮತ್ತು ಹಸಿರು ತಮ್ಮತಮ್ಮಲ್ಲೇ ಆಡ್ತಾರೆ.

ಈಗ ಪ್ರಶ್ನೆ. ಆಟ ಶುರು ಮಾಡುವ ಪಿಚರ್‌ಗಳು (ಚೆಂಡು ಎಸೆಯುವವರು) ಐವರು, ಸರದಿಯಲ್ಲಿ ಆಟಕ್ಕೊಬ್ಬರು. ನನ್ನ ಐದನೇ ಪಿಚರ್ ತೀರಾ ಸುಮಾರು. ಅವನು ಆಡಿದ ದಿನ ಒಂಬತ್ತರಲ್ಲಿ ಮೂರನೇ ಇನ್ನಿಂಗ್ಸ್‌ಗೇ ಬುಲ್‌ಪೆನ್ (ನಡುವೆ ಬದಲಿಗೆ ಬರುವ ಪಿಚರ್‌ಗಳು) ಎಬ್ಬಿಸಬೇಕು. ಅವನನ್ನು ಪೂರ್ತಿ ಕೈಬಿಟ್ಟು ಉಳಿದ ನಾಲ್ವರನ್ನೇ ಸರದಿಯಲ್ಲಿ 16 ಆಟಕ್ಕೂ ಓಡಿಸೋಣ ಅಂತ ಇದ್ದೇನೆ. ತಲಾ ನಾಲ್ಕು ಆಟ ಬರುತ್ತದೆ, ವಿಶ್ರಾಂತಿ ನಾಲ್ಕು ದಿನದ ಬದಲು ಮೂರು ದಿನ. ಐದನೆಯವನು ನಿನ್ನೆಯಷ್ಟೇ ಆಡಿದ್ದಾನೆ, ನಾಳೆ ಏಸ್ (ಮೊದಲ, ಅತಿ ಒಳ್ಳೆಯ ಪಿಚರ್) ಸರದಿ. ಆರಾರು ದಿನದ ಆಟಗಳನ್ನು ಕಂಪ್ಯೂಟರ್ ಒಟ್ಟಿಗೆ ಓಡಿಸುವ ಮೂರು ಸಿಮ್ ನಡೆಯುತ್ತದೆ, ಪ್ರತಿ ಸಿಮ್‌ಗೆ ಮೊದಲು ಯಾರು ಯಾವಾಗ ಆಡಬೇಕು ಅನ್ನುವ ಒಂದು ಫೈಲ್ ಕಳಿಸಬೇಕು, ನಡುವೆ ಬದಲಾಯಿಸೋಕೆ ಆಗಲ್ಲ. ಇದು ಸರಿಯಾದ ಜೂಜಾ?

ಹಳೇ ಸ್ಕೋರ್‌ಕಾರ್ಡ್:

ದಯವಿಟ್ಟು ಬೇಡ. 1964ರ ಫಿಲಡೆಲ್ಫಿಯಾ ಫಿಲೀಸ್ ಕಥೆ ಒಮ್ಮೆ ಓದಿ, ಆಮೇಲೆ ಫೈಲ್ ಕಳಿಸಿ.

12 ಆಟ ಬಾಕಿ ಇರುವಾಗ ಅವರು ಆರೂವರೆ ಆಟ ಮುಂದಿದ್ದರು. ಆಗಲೂ ಡಿವಿಷನ್ ಇರಲಿಲ್ಲ, ನಿಮ್ಮ ಲೀಗಿನ ಹಾಗೇ ಮೊದಲು ಬಂದವರಿಗೆ ಮಾತ್ರ ಪೆನ್ನಂಟ್. ಸೆಪ್ಟೆಂಬರ್ 21ರಂದು ಸಿನ್ಸಿನಾಟಿ ವಿರುದ್ಧ 0–0 ಇತ್ತು. ಆರನೇ ಇನ್ನಿಂಗ್ಸ್‌ನಲ್ಲಿ ಚಿಕೊ ರೂಯಿಸ್ ಮೂರನೇ ಬೇಸ್‌ನಲ್ಲಿ ನಿಂತಿದ್ದ, ಬ್ಯಾಟ್ ಹಿಡಿದಿದ್ದು ಫ್ರಾಂಕ್ ರಾಬಿನ್ಸನ್. ಅಂಥ ಬ್ಯಾಟರ್ ನಿಂತಿರುವಾಗ ಯಾರಾದರೂ ಹೋಮ್ ಪ್ಲೇಟ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ ರನ್ ಗಳಿಸಲು, ಓಡ್ತಾರಾ? ರೂಯಿಸ್ ಓಡಿದ, ಮುಟ್ಟಿದ. ಆಟ 1–0ಕ್ಕೆ ಮುಗಿಯಿತು. ಅಲ್ಲಿಂದ ಸತತ ಹತ್ತು ಸೋಲು.

ಮ್ಯಾನೇಜರ್ ಜೀನ್ ಮಾಕ್ ಗಾಬರಿಯಲ್ಲಿ ಮಾಡಿದ್ದು ನೀವು ಮಾಡಲು ಹೊರಟಿರುವುದನ್ನೇ, ಅದಕ್ಕಿಂತ ಜಾಸ್ತಿ. ಜಿಮ್ ಬನ್ನಿಂಗ್, ಕ್ರಿಸ್ ಶಾರ್ಟ್ ಇಬ್ಬರನ್ನೇ ಮತ್ತೆ ಮತ್ತೆ ಇಳಿಸಿದ. ಬನ್ನಿಂಗ್ 24ಕ್ಕೆ ಆಡಿದ, ಎರಡೇ ದಿನ ಬಿಟ್ಟು 27ಕ್ಕೆ ಆಡಿದ, ಮತ್ತೆ ಎರಡೇ ದಿನ ಬಿಟ್ಟು 30ಕ್ಕೆ. ಮೂರೂ ಸೋಲು. ಕೊನೆಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ 93 ಗೆಲುವಿನೊಂದಿಗೆ ಪೆನ್ನಂಟ್ ಒಯ್ದರು. ಫಿಲೀಸ್ 92. ಒಂದೇ ಒಂದು ಆಟದ ಅಂತರ!

ಬುಲ್‌ಪೆನ್ ಬೆಂಚು:

ಕಥೆ ಪೂರ್ತಿ ಹೇಳಿ ಸರ್. ಅದೇ ಬನ್ನಿಂಗ್ ಅಕ್ಟೋಬರ್ 4ರಂದು ಮೂರು ದಿನ ವಿಶ್ರಾಂತಿ ಪಡೆದು ಆಡಿ 10–0 ಗೆಲ್ಲಿಸಿದ. ಕೆಂಪಂಗಿಯವರು ಕೇಳಿದ್ದು ಎರಡು ದಿನ ಅಲ್ಲ, ಮೂರು ದಿನ. ಆ ಕಾಲದಲ್ಲಿ ನಾಲ್ವರ ಸರದಿ ಮಾಮೂಲಿ. 1971ರ ಬಾಲ್ಟಿಮೋರ್ ಓರಿಯೋಲ್ಸ್‌ನಲ್ಲಿ ನಾಲ್ವರು ಪಿಚರ್‌ಗಳು ತಲಾ ಕನಿಷ್ಠ 20 ಆಟ ಗೆದ್ದರು.

1948 ನೋಡಿ. ಕ್ಲೀವ್‌ಲ್ಯಾಂಡ್ ಮತ್ತು ಬಾಸ್ಟನ್ ಸಮ ಆಗಿ ಒಂದು ಆಟದ ಪ್ಲೇಆಫ್. ಕ್ಲೀವ್‌ಲ್ಯಾಂಡ್ ಇಳಿಸಿದ್ದು ಜೀನ್ ಬೇರ್ಡನ್‌ನನ್ನು, ಅದೂ ಒಂದೇ ದಿನದ ವಿಶ್ರಾಂತಿಯಲ್ಲಿ. ಅಕ್ಟೋಬರ್ 2ಕ್ಕೆ ಪೂರ್ತಿ ಆಟ ಆಡಿದ್ದವನು 4ಕ್ಕೆ ಮತ್ತೆ ಪೂರ್ತಿ ಆಡಿ 8–3 ಗೆಲ್ಲಿಸಿದ. ಎರಡನೇ ಸ್ಥಾನಕ್ಕೆ ಏನೂ ಸಿಗಲ್ಲ ಅಂದ ಮೇಲೆ ಒಳ್ಳೆ ಪಿಚರ್‌ಗಳನ್ನು ಯಾವ ದಿನಕ್ಕೆ ಅಂತ ಕಾಪಾಡಿಡಬೇಕು? ನನ್ನ ವೋಟು ನಾಲ್ವರಿಗೆ.

ಹಳೇ ಸ್ಕೋರ್‌ಕಾರ್ಡ್:

ಬೇರ್ಡನ್ ಎಸೆಯುತ್ತಿದ್ದದ್ದು ನಕಲ್‌ಬಾಲ್, ತಿರುಗದೆ ನಿಧಾನವಾಗಿ ಬರುವ ಎಸೆತ. ಅದಕ್ಕೆ ಭುಜ ಅಷ್ಟು ಸವೆಯುವುದಿಲ್ಲ. ಎಲ್ಲರಿಗೂ ಅದು ಅಳತೆ ಅಲ್ಲ.

ಪಿಚ್ ಎಣಿಕೆ:

ನೀವಿಬ್ಬರೂ ಜಗಳ ಆಡುತ್ತಿರುವುದು ಮೂರು ದಿನ ಸಾಕಾ ಸಾಲದಾ ಅಂತ. ಆದರೆ ಇಲ್ಲಿ ಆ ಪ್ರಶ್ನೆಯೇ ಹುಟ್ಟಲ್ಲ. ಅವರ ಶೆಡ್ಯೂಲ್‌ನಲ್ಲಿರುವ ಎರಡು ರಜೆ ದಿನಗಳನ್ನು ಯಾರೂ ನೋಡಲಿಲ್ಲ.

ಮೊದಲು ನಾಲ್ವರ ಸರದಿಯ ಲೆಕ್ಕ ಹಾಕಿ. ಏಸ್ ಆಡುವುದು 1, 5, 9, 13ನೇ ಆಟ. 14, 15, 16ನೇ ಆಟ ನೀಲಿಯವರ ಜೊತೆ, ಅಲ್ವಾ? ಅಲ್ಲಿಗೆ ಬರುವವರು ಎರಡನೆಯವನು, ಮೂರನೆಯವನು, ನಾಲ್ಕನೆಯವನು. ಇಡೀ ಸೀಸನ್ನಿನ ಅತಿ ದೊಡ್ಡ ಸರಣಿಗೆ ಏಸ್ ಬೆಂಚಿನ ಮೇಲೆ! ಪೆನ್ನಂಟ್ ತೀರ್ಮಾನ ಆಗಬಹುದಾದ ಕೊನೆಯ ಆಟಕ್ಕೆ ನಾಲ್ಕನೇ ಪಿಚರ್. ಅದೂ ಸಾಲದು ಅಂತ ಎಲ್ಲರೂ ಸುಸ್ತಾಗಿರ್ತಾರೆ.

ಈಗ ಆಟದ ಸಂಖ್ಯೆ ಬಿಟ್ಟು ದಿನ ಲೆಕ್ಕ ಹಾಕಿ. ಏಸ್ 1ನೇ ದಿನ, ಎರಡನೆಯವನು 2, ಮೂರನೆಯವನು 3, ನಾಲ್ಕನೆಯವನು 4. 5ನೇ ದಿನ ಹೇಗೂ ರಜೆ. ಐದನೆಯವನ ಸರದಿ ಅಲ್ಲಿಗೇ ಕರಗಿ ಹೋಯಿತು. 6ಕ್ಕೆ ಏಸ್ ಮತ್ತೆ ಬರ್ತಾನೆ, ಪೂರ್ತಿ ನಾಲ್ಕು ದಿನ ವಿಶ್ರಾಂತಿ ಆಗಿರುತ್ತದೆ. 7ಕ್ಕೆ ಎರಡನೆಯವನು, 8ಕ್ಕೆ ಮೂರನೆಯವನು. ಹಸಿರಿನ ವಿರುದ್ಧ ಮೂರೂ ದಿನ ನಿಮ್ಮ ಒಳ್ಳೆಯ ಮೂವರು ಸಿಕ್ಕಿದರು.

9ಕ್ಕೆ ನಾಲ್ಕನೆಯವನು. 10ಕ್ಕೆ ಐದನೆಯವನು, ಎದುರಾಳಿ ಕೆಳಗಿನ ತಂಡ. ಅವನಿಂದ ನೀವು ಕೇಳುವುದು ಈ ಒಂದೇ ಆಟ. 11ಕ್ಕೆ ಏಸ್, 12ಕ್ಕೆ ಎರಡನೆಯವನು, 13ಕ್ಕೆ ಮೂರನೆಯವನು, 14ಕ್ಕೆ ನಾಲ್ಕನೆಯವನು. 15 ಮತ್ತೆ ರಜೆ. 16, 17, 18ಕ್ಕೆ ಏಸ್, ಎರಡನೆಯವನು, ಮೂರನೆಯವನು, ನೀಲಿಯವರ ಎದುರು. ಎಲ್ಲರಿಗೂ ನಾಲ್ಕು ದಿನದ ವಿಶ್ರಾಂತಿ. ಒಬ್ಬನೂ ಒಂದು ದಿನ ಕಮ್ಮಿ ವಿಶ್ರಾಂತಿಯಲ್ಲಿ ಆಡಲ್ಲ.

ಒಟ್ಟು ನೋಡಿ. ಮೇಲಿನ ಮೂವರಿಗೆ ತಲಾ ನಾಲ್ಕು, ನಾಲ್ಕನೆಯವನಿಗೆ ಮೂರು, ಐದನೆಯವನಿಗೆ ಒಂದು. ನೀವು ಬಯಸಿದ್ದ ನಾಲ್ಕು ನಾಲ್ಕು ಆಟವೇ ಒಳ್ಳೆಯ ಮೂವರಿಗೂ ಸಿಕ್ಕಿತು. ವ್ಯತ್ಯಾಸ ಇಷ್ಟೇ, ನಾಲ್ಕನೆಯವನ ಒಂದು ಆಟ ಐದನೆಯವನಿಗೆ ಹೋಯಿತು. ಅದಕ್ಕೆ ಬದಲಾಗಿ ದೊಡ್ಡ ಆರು ಆಟಕ್ಕೂ ದಣಿಯದ ಮೂವರು.

ಫೈಲ್ ವಿಷಯದಲ್ಲಿ ಜಾಗ್ರತೆ ಇರಲಿ. ಮೊದಲ ಸಿಮ್‌ಗೆ (1ರಿಂದ 6) ನಾಲ್ವರ ಸರದಿ ಹಾಕಿ, ಕ್ರಮ ಕಟ್ಟುನಿಟ್ಟು. ಅಲ್ಲಿ ಐವರ ಹೆಸರು ಕಟ್ಟುನಿಟ್ಟಾಗಿ ಹಾಕಿದರೆ ಹಸಿರಿನ ವಿರುದ್ಧ ಮೊದಲ ಆಟಕ್ಕೆ ಐದನೆಯವನೇ ಇಳೀತಾನೆ. ಎರಡನೇ ಸಿಮ್‌ಗೆ (7ರಿಂದ 12) ಐವರನ್ನು ಹಾಕಿ, ಎರಡನೆಯವನಿಂದ ಶುರು ಮಾಡಿ. ಮೂರನೇ ಸಿಮ್‌ಗೆ (13ರಿಂದ 18) ಮತ್ತೆ ನಾಲ್ವರು, ಮೂರನೆಯವನಿಂದ ಶುರು. ಯಾವುದಾದರೂ ಆಟ ಮಳೆಗೆ ಹೋದರೆ ಅಥವಾ ಯಾರಿಗಾದರೂ ಗಾಯ ಆದರೆ ಸಿಮ್ ಮುಗಿದ ಮೇಲೆ ಮತ್ತೆ ಲೆಕ್ಕ ಹಾಕಿ. ಏನೂ ನೋಡದೆ ಹಳೇ ಸೆಟ್ಟಿಂಗ್ ಬಿಟ್ಟು ಕೂರಬೇಡಿ.

ಬುಲ್‌ಪೆನ್ ಬೆಂಚು:

ಇದು ಸರಿ. ಹೀಗೆ ಇದ್ದರೆ ನನ್ನ ವೋಟು ವಾಪಸ್. ರಜೆ ದಿನ ಇಷ್ಟು ಸರಿಯಾದ ಜಾಗದಲ್ಲಿ ಬೀಳುವುದು ಅಪರೂಪ.

ಕೆಂಪಂಗಿ:

ಕಾಗದದ ಮೇಲೆ ಬರೆದು ನೋಡಿದೆ, ಕರಾರುವಾಕ್ಕಾಗಿ ಕೂರುತ್ತದೆ. ತುಂಬಾ ಥ್ಯಾಂಕ್ಸ್!

ಇನ್ನೊಂದು ಕೇಳ್ತೀನಿ. ನೀಲಿಯವರು ಒಂದು ರನ್ ಅಂತರದ ಆಟಗಳಲ್ಲಿ 30 ಗೆದ್ದು 13 ಸೋತಿದ್ದಾರೆ. ನಾನು 18 ಗೆದ್ದು 24 ಸೋತಿದ್ದೇನೆ. ರನ್ ಲೆಕ್ಕದಲ್ಲಿ ಅವರು ನನ್ನ ಹತ್ತಿರಕ್ಕೂ ಬರಲ್ಲ. ಈ ಅದೃಷ್ಟ ಈಗಲಾದರೂ ತಿರುಗಲೇಬೇಕು ಅಲ್ವಾ? ಮತ್ತೆ ಮೊದಲ ನಾಲ್ಕು ದಿನ ನೀಲಿ–ಹಸಿರು ಆಟದಲ್ಲಿ ನಾನು ಯಾರ ಗೆಲುವು ಬಯಸಬೇಕು?

ಸರಾಸರಿ:

"ತಿರುಗಲೇಬೇಕು" ಅನ್ನುವ ಪದ ಬಿಟ್ಟುಬಿಡಿ. ಅದೃಷ್ಟ ಯಾರಿಗೂ ಸಾಲ ತೀರಿಸಲ್ಲ.

ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಕೊಟ್ಟ ಪೈಥಾಗರಸ್ ಲೆಕ್ಕ ಗೊತ್ತಿರಬೇಕು. ಹೊಡೆದ ರನ್‌ಗಳ ವರ್ಗ ತೆಗೆದುಕೊಳ್ಳಿ, ಅದನ್ನು ಹೊಡೆದ ರನ್ ಮತ್ತು ಬಿಟ್ಟುಕೊಟ್ಟ ರನ್ ಎರಡರ ವರ್ಗಗಳ ಮೊತ್ತದಿಂದ ಭಾಗಿಸಿ, ತಂಡ ಗೆಲ್ಲಬೇಕಿದ್ದ ಆಟಗಳ ಪಾಲು ಸಿಗುತ್ತದೆ. ನೀಲಿಗೆ ಬರುವುದು 0.512, ಅಂದರೆ 138 ಆಟದಲ್ಲಿ ಸುಮಾರು 71 ಗೆಲುವು. ಅವರ ಕೈಯಲ್ಲಿ ಇರುವುದು 81. ನಿಮಗೆ 0.583, ಸುಮಾರು 80 ಗೆಲುವು, ಇರುವುದು 79. ಹಸಿರಿಗೆ 75ರ ಹತ್ತಿರ, ಇರುವುದು 78. ನಿಮ್ಮ ತಂಡವೇ ಲೀಗಿನಲ್ಲಿ ಗಟ್ಟಿ ತಂಡ, ಅನುಮಾನ ಬೇಡ.

ಆದರೆ ಮುಂದಿನ 16 ಆಟಕ್ಕೆ ಇದನ್ನೇ ಹಚ್ಚಿ. ನೀಲಿಗೆ 8.2 ಗೆಲುವು, ನಿಮಗೆ 9.3. ನೀವು ಗಳಿಸುವುದು ಒಂದು ಆಟ ಚಿಲ್ಲರೆ, ಹಿಂದಿರುವುದು ಎರಡು. ನೀಲಿಯವರು ಇನ್ನು ಮೇಲೆ ಮಾಮೂಲಿ ತಂಡದ ಹಾಗೆ ಆಡಿದರೂ ಸುಮಾರು 89ಕ್ಕೆ ಮುಗಿಸ್ತಾರೆ, ನೀವು 88ಕ್ಕೆ. ಹಳೆಯ 81 ಗೆಲುವನ್ನು ಯಾರೂ ವಾಪಸ್ ಕಿತ್ತುಕೊಳ್ಳಲ್ಲ. ಇಲ್ಲಿ ನೆಟ್ ರನ್ ರೇಟ್ ಅಂತ ಒಂದು ಇದ್ದಿದ್ದರೆ ನೀವು ಆರಾಮ, ಆದರೆ ಇಲ್ಲ. ನನ್ನ ಅಂದಾಜಿನಲ್ಲಿ ನೀವು ನೀಲಿಯನ್ನು ಹಿಡಿಯುವ ಅಥವಾ ದಾಟುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಕೈಚೆಲ್ಲುವಂಥದ್ದೇನೂ ಅಲ್ಲ.

ಅಂಥ ಅದೃಷ್ಟ ಇಡೀ ಸೀಸನ್ ಉಳಿದ ಉದಾಹರಣೆ ಬೇಕಾ? 2016ರ ಟೆಕ್ಸಸ್ ರೇಂಜರ್ಸ್. ಒಂದು ರನ್ ಆಟಗಳಲ್ಲಿ 36 ಗೆಲುವು, 11 ಸೋಲು. ಇಡೀ ಸೀಸನ್ನಿನ ರನ್ ಅಂತರ ಬರೀ 8. ಆದರೂ 95 ಆಟ ಗೆದ್ದು ಡಿವಿಷನ್ ಹಿಡಿದರು.

ಬುಲ್‌ಪೆನ್ ಬೆಂಚು:

ಎಲ್ಲವನ್ನೂ ಅದೃಷ್ಟ ಅಂತ ಬರೆದು ಹಾಕಬೇಡಿ. ನೀಲಿಯವರ ಬುಲ್‌ಪೆನ್ ಗಟ್ಟಿಯಾಗಿದ್ದರೆ ಒಂದು ರನ್ ಆಟ ಜಾಸ್ತಿ ಗೆಲ್ಲುವುದು ಸಹಜ. ಸಿಮ್‌ನಲ್ಲೂ ಕೊನೆಯ ಇನ್ನಿಂಗ್ಸ್‌ಗೆ ಯಾರು ಬರ್ತಾರೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಸರಾಸರಿ:

ಸ್ವಲ್ಪ ಹೌದು, ಹತ್ತು ಗೆಲುವಿನಷ್ಟು ಅಲ್ಲ. ಬಾಲ್ಟಿಮೋರ್ 2012ರಲ್ಲಿ ಒಂದು ರನ್ ಆಟಗಳಲ್ಲಿ 29–9. ಕ್ಲೋಸರ್ (ಕೊನೆಯ ಇನ್ನಿಂಗ್ಸ್‌ಗೆ ಬರುವ ಪಿಚರ್) ಜಿಮ್ ಜಾನ್ಸನ್ ಆ ವರ್ಷ 51 ಸೇವ್ (ಮುನ್ನಡೆ ಕಾಪಾಡಿ ಆಟ ಮುಗಿಸುವುದು) ಮಾಡಿದ, ಮರುವರ್ಷ 50. ಹೆಚ್ಚೂಕಮ್ಮಿ ಅಷ್ಟೇ. ಆದರೂ 2013ರಲ್ಲಿ ತಂಡದ ಒಂದು ರನ್ ದಾಖಲೆ 20–31. ಕ್ಲೋಸರ್ ಅವನೇ, ಫಲಿತಾಂಶ ತಲೆಕೆಳಗು.

ಇನ್ನು ಯಾರ ಗೆಲುವು ಬಯಸಬೇಕು ಅನ್ನುವುದು. ಹಸಿರಿನದ್ದು. ನೀವು ಕೊನೆಯ ಸ್ಥಾನದವರ ಮೇಲೆ ಮೂರು ಗೆದ್ದು ಒಂದು ಸೋತಿರಿ ಅಂತ ಇಟ್ಟುಕೊಳ್ಳಿ, 82–60 ಆಗ್ತೀರಿ. ನೀಲಿ–ಹಸಿರು ಎರಡೆರಡು ಹಂಚಿಕೊಂಡರೆ ನೀಲಿ 83–59, ನೀವು ಒಂದು ಆಟ ಹಿಂದೆ. ಹಸಿರು ಮೂರು ಗೆದ್ದರೆ ನೀಲಿಯೂ 82–60, ನಿಮಗೆ ಸಮ. ಹಸಿರು ನಾಲ್ಕೂ ಗೆದ್ದರೆ ನೀವು ಹಸಿರಿಗೆ ಸಮ, ನೀಲಿ ಒಂದು ಆಟ ಹಿಂದೆ. ನಾಲ್ಕನೇ ದಿನ ಮುಗಿದ ಮೇಲೆ ಹಸಿರು ನಿಮ್ಮ ಕೈಗೆ ಸಿಗುತ್ತದೆ, ಅದೂ ಏಸ್ ಶುರು ಮಾಡುವ ಸರಣಿಯಲ್ಲಿ. ನೀಲಿ ಸಿಗುವುದು 16ನೇ ದಿನ. ಅಲ್ಲಿಯವರೆಗೆ ನೀಲಿಯನ್ನು ಬೇರೆಯವರೇ ಕೆಳಗೆ ಎಳೆಯಬೇಕು. ಕೆಟ್ಟದ್ದು ಅಂದರೆ ನೀಲಿ ನಾಲ್ಕೂ ಗೆಲ್ಲುವುದು. ಆಗ 85–57, ನೀವು ಮೂರು ಆಟ ಹಿಂದೆ, 12 ಬಾಕಿ.

ಹಳೇ ಸ್ಕೋರ್‌ಕಾರ್ಡ್:

ಮೂರು ಆಟ ಹಿಂದೆ ಬಿದ್ದರೂ ಮುಗೀತು ಅಂದುಕೊಳ್ಳಬೇಡಿ. ನೇರ ಆಟ ಒಂದು ಗೆದ್ದರೆ ಅಂತರ ಪೂರ್ತಿ ಒಂದು ಆಟ ಇಳಿಯುತ್ತದೆ. ಕೊನೆಯ ಮೂರು ದಿನಕ್ಕೆ ಎರಡು ಆಟ ಹಿಂದೆ ಇದ್ದು ಹೋದರೂ ಮೂರೂ ಗೆದ್ದರೆ ಪೆನ್ನಂಟ್ ನಿಮ್ಮದೇ, ಹಸಿರು ಅಡ್ಡ ಬರದಿದ್ದರೆ.

ನನಗೆ ಅತಿ ಇಷ್ಟದ ಪೆನ್ನಂಟ್ ಓಟ 1967ರ ಅಮೆರಿಕನ್ ಲೀಗಿನದ್ದು. ನಾಲ್ಕು ತಂಡ ಕೊನೆಯ ವಾರದವರೆಗೂ ಜೀವಂತ. ಎರಡು ಆಟ ಬಾಕಿ ಇದ್ದಾಗ ಮಿನೆಸೋಟಾ ಒಂದು ಆಟ ಮುಂದಿದ್ದು ಬಾಸ್ಟನ್‌ಗೆ ಬಂತು, ನೀಲಿಯವರು ನಿಮ್ಮ ಮೈದಾನಕ್ಕೆ ಬರುವ ಹಾಗೇ. ಕಾರ್ಲ್ ಯಾಸ್ಟ್ರೆಮ್ಸ್ಕಿ ಆ ಎರಡು ಆಟದಲ್ಲಿ ಎಂಟು ಸಲ ಬ್ಯಾಟ್ ಮಾಡಿ ಏಳು ಹಿಟ್ ಹೊಡೆದ. ಎರಡೂ ಆಟ ಬಾಸ್ಟನ್‌ಗೆ. ಕೊನೆಯ ದಿನ ಗೆಲ್ಲಿಸಿದ ಪಿಚರ್ ಅವರ ಏಸ್ ಜಿಮ್ ಲೊನ್‌ಬೋರ್ಗ್. ಬಾಸ್ಟನ್ 92, ಮಿನೆಸೋಟಾ ಮತ್ತು ಡೆಟ್ರಾಯಿಟ್ 91. ಹಿಂದಿನ ವರ್ಷ ಬಾಸ್ಟನ್ ಹತ್ತು ತಂಡಗಳಲ್ಲಿ ಒಂಬತ್ತನೇ ಸ್ಥಾನದಲ್ಲಿತ್ತು! ಏಸ್ ಕೊನೆಯ ಸರಣಿಗೆ ಸಿಗಬೇಕು ಅನ್ನುವುದು ಅದಕ್ಕೇ. ಪಿಚ್ ಎಣಿಕೆಯವರ ಲೆಕ್ಕ ಚಿನ್ನ.

ಪಿಚ್ ಎಣಿಕೆ:

ಒಂದು ಮಾತು ಬಿಟ್ಟುಹೋಗಿತ್ತು. ಸಮ ಆದರೆ ಮೂರು ಆಟಗಳ ಪ್ಲೇಆಫ್ ಅಂದಿರಿ. ಮರುದಿನವೇ ಶುರುವಾಗುವುದಾದರೆ 19ನೇ ದಿನಕ್ಕೆ ಯಾರಿದ್ದಾರೆ? 14ಕ್ಕೆ ಆಡಿದ ನಾಲ್ಕನೆಯವನು, ಪೂರ್ತಿ ವಿಶ್ರಾಂತಿಯಲ್ಲಿ. 20ಕ್ಕೆ ಐದನೆಯವನು ಅಥವಾ ಬುಲ್‌ಪೆನ್ ಒಟ್ಟಾಗಿ. 21ಕ್ಕೆ ಏಸ್, ಅವನಿಗೂ ನಾಲ್ಕು ದಿನ ಸಿಕ್ಕಿರುತ್ತದೆ. ಆದ್ದರಿಂದ ಕೊನೆಯ ಸರಣಿಯಲ್ಲಿ ನಾಲ್ಕನೆಯವನನ್ನು ರಿಲೀಫ್‌ಗೆ (ನಡುವೆ ಬದಲಿ ಪಿಚರ್ ಆಗಿ) ಎಳೀಬೇಡಿ, ಎಷ್ಟೇ ಆಸೆ ಆದರೂ. ಮೂರನೇ ಫೈಲ್‌ನಲ್ಲಿ ಅವನನ್ನು ಸರದಿಯಲ್ಲಷ್ಟೇ ಇಡಿ, ಬುಲ್‌ಪೆನ್ ಪಟ್ಟಿಗೆ ಸೇರಿಸಬೇಡಿ.

1951ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಗಿದ್ದು ಇಂಥದ್ದೇ ಇಕ್ಕಟ್ಟು. ಆಗಸ್ಟ್ 11ಕ್ಕೆ ನ್ಯೂಯಾರ್ಕ್ ಜೈಂಟ್ಸ್ ಹದಿಮೂರೂವರೆ ಆಟ ಹಿಂದಿದ್ದರು, ಕೊನೆಗೆ ಇಬ್ಬರೂ 96–58. ಪ್ಲೇಆಫ್‌ನ ಮೊದಲ ಆಟ ಶುರು ಮಾಡಿ ಸೋತ ರಾಲ್ಫ್ ಬ್ರಾಂಕಾನನ್ನೇ, ಒಂದೇ ದಿನ ಬಿಟ್ಟು, ಅಕ್ಟೋಬರ್ 3ರಂದು ಒಂಬತ್ತನೇ ಇನ್ನಿಂಗ್ಸ್‌ಗೆ ಕರೆದರು. ಬಾಬಿ ಥಾಮ್ಸನ್ ಹೋಮ್ ರನ್, 5–4, ಪೆನ್ನಂಟ್ ಹೋಯಿತು. ಮೊದಲ ಆಟದಲ್ಲೂ ಥಾಮ್ಸನ್ ಅವನಿಗೇ ಹೋಮ್ ರನ್ ಹೊಡೆದಿದ್ದ.

ಕೆಂಪಂಗಿ:

ಮೊದಲ ಫೈಲ್ ಕಳಿಸಿದೆ. ನಾಲ್ವರ ಸರದಿ, ಕ್ರಮ ಕಟ್ಟುನಿಟ್ಟು, ಏಸ್ ಮೊದಲು. ಐದನೆಯವನನ್ನು ಸದ್ಯಕ್ಕೆ ಬುಲ್‌ಪೆನ್‌ಗೆ ಹಾಕಿದ್ದೇನೆ, ಬೇಕಾದರೆ ನಡುವಿನ ಇನ್ನಿಂಗ್ಸ್‌ಗೆ ಬರಲಿ ಅಂತ. ರೋಸ್ಟರ್ (ತಂಡದ ಆಟಗಾರರ ಪಟ್ಟಿ) ಈಗ 28ಕ್ಕೆ ಏರಿದೆಯಲ್ಲ, ಮೈನರ್‌ನಿಂದ (ಕೆಳಹಂತದ ತಂಡದಿಂದ) ಒಬ್ಬ ವೇಗದ ಓಟಗಾರನನ್ನು ಕರೆಸಿದ್ದೇನೆ. ಎಂಟನೇ, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಬೇಸ್ ಮೇಲೆ ಇಳಿಸಲು.

ಪಿಚ್ ಎಣಿಕೆ:

ಓಟಗಾರ ಒಳ್ಳೆ ಯೋಚನೆ. ಐದನೆಯವನನ್ನು ಬುಲ್‌ಪೆನ್‌ಗೆ ಹಾಕಿದ್ದು ಮೊದಲ ಸಿಮ್‌ಗೆ ಪರವಾಗಿಲ್ಲ. ಎರಡನೇ ಫೈಲ್ ಕಳಿಸುವಾಗ ಮಾತ್ರ ಅಲ್ಲಿಂದ ತೆಗೆದು ಸರದಿಗೆ ಸೇರಿಸಿ, ಇಲ್ಲದಿದ್ದರೆ 10ನೇ ದಿನಕ್ಕೆ ಅವನೂ ಸುಸ್ತಾಗಿರ್ತಾನೆ. ಆರನೇ ದಿನದ ಫಲಿತಾಂಶ ಬಂದ ತಕ್ಷಣ ಮೂರೂ ತಂಡದ ಗೆಲುವು–ಸೋಲು ಇಲ್ಲಿ ಹಾಕಿ, ಅವತ್ತೇ ಮತ್ತೆ ಲೆಕ್ಕ ಹಾಕೋಣ.